ಸ್ಪಷ್ಟನೆ: ಫಾರಂನ ಮೇಲ್ಭಾಗದಲ್ಲೇ ಸಹಿ ಹಾಕಿಸಿದರೆ ಜನ ಸತ್ಯ ಬರೆಯುತ್ತಾರೆ ಎಂಬ ಸಂದೇಶದ ಬಗ್ಗೆ

ಅರ್ಜಿಯ ಕೊನೆಗೆ ಬದಲಾಗಿ ಆರಂಭದಲ್ಲೇ ಸತ್ಯಪ್ರಮಾಣದ ಸಹಿ ಹಾಕಿಸಿದರೆ ಜನ ಸುಳ್ಳು ಬರೆಯುವುದು ಕಡಿಮೆಯಾಗುತ್ತದೆ, ಇದು ಸಂಶೋಧನೆಯಿಂದ ಸಾಬೀತಾಗಿದೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಹಿಂದೆ ನಾನೂ ಅದನ್ನು ಹಂಚಿದ್ದೆ. ಅದು ಸಾಬೀತಾದ ಸಂಗತಿಯಲ್ಲ.

ಇದಕ್ಕೆ ಆಧಾರವಾಗಿದ್ದುದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ 2012ರಲ್ಲಿ ಪ್ರಕಟವಾದ ಪ್ರಬಂಧ. 2020ರಲ್ಲಿ ಅದರ ಲೇಖಕರೇ ಇತರರೊಡನೆ ಸೇರಿ ಹೆಚ್ಚು ಜನರ ಮೇಲೆ ಪ್ರಯೋಗವನ್ನು ಮತ್ತೆ ನಡೆಸಿದಾಗ, ಸಹಿ ಮೇಲಿದ್ದರೂ ಕೆಳಗಿದ್ದರೂ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ 'ಡೇಟಾ ಕೊಲಾಡ' ಎಂಬ ಸಂಶೋಧಕರ ತಂಡ ಮೂಲ ಪ್ರಬಂಧದ ಒಂದು ಪ್ರಯೋಗದ ಅಂಕಿಗಳನ್ನು ಬಿಡಿಸಿ ನೋಡಿತು; ವಾಹನ ವಿಮೆಯ ಗ್ರಾಹಕರು ಮೇಲೆ ಅಥವಾ ಕೆಳಗೆ ಸಹಿ ಹಾಕಿ ತಮ್ಮ ಕಾರಿನ ಮೀಟರ್ ಅಂಕಿ ಬರೆದುಕೊಟ್ಟರು ಎನ್ನಲಾದ ಪ್ರಯೋಗ ಅದು. ಕಾರುಗಳು ಓಡಿದ ದೂರ ಸೊನ್ನೆಯಿಂದ 50,000 ಮೈಲಿಯವರೆಗೆ ಒಂದೇ ಸಮನೆ ಹಂಚಿಹೋಗಿ, ಅಲ್ಲಿಗೆ ಥಟ್ಟನೆ ನಿಂತಿತ್ತು. ಬಹಳ ಕಡಿಮೆ ಓಡಿಸುವವರು, ಸಾಧಾರಣವಾಗಿ ಓಡಿಸುವವರು, ವಿಪರೀತ ಓಡಿಸುವವರು ಎಲ್ಲರೂ ಅಷ್ಟಷ್ಟೇ ಸಂಖ್ಯೆಯಲ್ಲಿರುವುದು ನಿಜ ಜೀವನದಲ್ಲಿ ಸಾಧ್ಯವಿಲ್ಲ. ಜನ ಅಂದಾಜಿಗೆ ದುಂಡಗಿನ ಸಂಖ್ಯೆ ಬರೆಯುವುದು ಸಾಮಾನ್ಯವಾದ್ದರಿಂದ, ಮಾಲೀಕರೇ ಬರೆದುಕೊಟ್ಟರೆನ್ನಲಾದ ಮೀಟರ್ ಅಂಕಿಗಳಲ್ಲಿ ಸೊನ್ನೆಗಳಿಂದ ಮುಗಿಯುವ ಸಂಖ್ಯೆಗಳು ಹೆಚ್ಚಿರಬೇಕಿತ್ತು, ಅದೂ ಇರಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಪತ್ರಿಕೆ ಪ್ರಬಂಧವನ್ನು ಹಿಂಪಡೆಯಿತು.

ಸಹಿಗಿರುವ ಕಾನೂನಿನ ಹೊಣೆಗೂ ಇದಕ್ಕೂ ಸಂಬಂಧವಿಲ್ಲ, ಅದು ಹಾಗೆಯೇ ಇರುತ್ತದೆ. ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿನಲ್ಲಿ ಈ ಸ್ಪಷ್ಟನೆಯನ್ನೂ ಹಾಕಿ.