ಎರಡನೇ ಸಬ್‌ವೂಫರ್ ತಂದಿದ್ದು ಸದ್ದು ಜಾಸ್ತಿ ಮಾಡೋಕಲ್ಲ

ಮನೆಗೆ ಬಂದವರೆಲ್ಲ ಕೇಳುವ ಮಾತು ಒಂದೇ. "ಒಂದು ಸಬ್‌ಗೇ ಹಂಚು ಅದುರುತ್ತೆ, ಎರಡು ಯಾಕೆ ಮಾರಾಯ?" ಸಬ್ ಅಂದರೆ ಸಬ್‌ವೂಫರ್, ಬೇಸ್ ಅನ್ನುವ ತಗ್ಗು ದನಿಯ ಸದ್ದನ್ನಷ್ಟೇ ಹೊರಡಿಸುವ ಸ್ಪೀಕರ್ ಪೆಟ್ಟಿಗೆ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿದೆ. ಇವತ್ತು ಕೂತು ಬರೆಯುತ್ತಿದ್ದೇನೆ.

ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಮನೆಗೆ ಸೇರಿಸಿ ಕಟ್ಟಿದ ಒಂದು ಹಾಲ್ ಇದೆ. 16 ಅಡಿ ಉದ್ದ, 12 ಅಡಿ ಅಗಲ. ಮುಂದಿನ ಗೋಡೆಗೆ ಟೀವಿ, ಸರಿಯಾಗಿ ನಡುವೆ ಸೋಫಾ, ಹಿಂದಿನ ಗೋಡೆಗೆ ತಾಗಿದಂತೆ ಅಪ್ಪಯ್ಯನ ಕುರ್ಚಿ. ಮೊದಲು ಒಂದೇ ಸಬ್ ಇತ್ತು, ಟೀವಿ ಪಕ್ಕದ ಮೂಲೆಯಲ್ಲಿ. ಸೋಫಾದಲ್ಲಿ ಕೂತ ನನಗೆ ಬೇಸ್ ಇದೆಯೋ ಇಲ್ಲವೋ ಅನ್ನಿಸುತ್ತಿತ್ತು. ನಾನು ಜಾಸ್ತಿ ಮಾಡುತ್ತಿದ್ದೆ. ಅಪ್ಪಯ್ಯ ಹಿಂದಿನಿಂದ, "ಕಮ್ಮಿ ಮಾಡಾ, ತಲೆ ಒಳಗೇ ಗುಂಯ್ ಅಂತದೆ" ಅನ್ನುತ್ತಿದ್ದರು. ವಯಸ್ಸಾಯ್ತು, ಸದ್ದು ಆಗಲ್ಲ ಅಂತ ನಾನು ಅಂದುಕೊಂಡಿದ್ದೆ. ಒಂದು ದಿನ ಅವರು ತೋಟಕ್ಕೆ ಹೋದಾಗ ಆ ಕುರ್ಚಿಯಲ್ಲಿ ಕೂತು ಅದೇ ಸಿನಿಮಾ ಹಾಕಿದೆ. ಎರಡು ನಿಮಿಷ ಕೂರೋಕಾಗಲಿಲ್ಲ. ಗೂಡಿನಲ್ಲಿದ್ದ ಹಿತ್ತಾಳೆ ದೀಪ ಗಲಗಲ ಅನ್ನುತ್ತಿತ್ತು. ಅವರು ಹೇಳಿದ್ದು ಅಕ್ಷರಶಃ ನಿಜ. ಇಷ್ಟು ದಿನ ಇದನ್ನು ಸಹಿಸಿಕೊಂಡು ಕೂತಿದ್ದರಲ್ಲ ಅಂತ ಹೊಟ್ಟೆ ಚುರುಕ್ ಅಂದಿತು.

ತಪ್ಪು ಸಬ್‌ನದ್ದಲ್ಲ, ಹಾಲ್‌ನದ್ದು. 35 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 35 ಸಲ ಅದುರುವ ಸದ್ದಿನ ಒಂದು ಅಲೆ ಸುಮಾರು 32 ಅಡಿ ಉದ್ದ. ಅದರ ಅರ್ಧ 16 ಅಡಿ, ಅಂದರೆ ಸರಿಯಾಗಿ ನಮ್ಮ ಹಾಲ್‌ನ ಉದ್ದ. ಆ ಸದ್ದು ಎರಡು ಗೋಡೆಗಳ ನಡುವೆ ಸಿಕ್ಕಿಹಾಕಿಕೊಂಡು ಜೋಕಾಲಿಯ ಹಾಗೆ ತೂಗುತ್ತೆ. ಗೋಡೆಯ ಹತ್ತಿರ ಜೋರು, ನಡುವೆ ಹೆಚ್ಚುಕಮ್ಮಿ ಏನೂ ಇಲ್ಲ. ನಾನು ನಡುವೆ, ಅಪ್ಪಯ್ಯ ಗೋಡೆಗೆ. ವಾಲ್ಯೂಮ್ ಎಷ್ಟೇ ತಿರುಗಿಸಿದರೂ ಇಬ್ಬರಿಗೂ ಸರಿಹೋಗೋದು ಸಾಧ್ಯವೇ ಇರಲಿಲ್ಲ.

ಎರಡನೇ ಸಬ್ ಬೇಕಾಗೋದು ಇಲ್ಲಿ. ಮುಂದಿನ ಗೋಡೆಯ ಮಧ್ಯಕ್ಕೆ ಒಂದು, ಹಿಂದಿನ ಗೋಡೆಯ ಮಧ್ಯಕ್ಕೆ ಇನ್ನೊಂದು. ಒಂದು ಕಡೆಯಿಂದ ಜೋಕಾಲಿ ತಳ್ಳುವಾಗ ಎದುರಿನಿಂದ ಇನ್ನೊಬ್ಬ ಅದೇ ಹೊತ್ತಿಗೆ ಅಷ್ಟೇ ಬಲದಲ್ಲಿ ತಳ್ಳಿದರೆ ಜೋಕಾಲಿ ತೂಗುತ್ತಾ? ಇಲ್ಲ. ಹಾಗೇ ಆ 35 ಹರ್ಟ್ಸ್‌ನ ತೂಗಾಟ ಅಲ್ಲೇ ಅಡಗುತ್ತೆ. ಸ್ಪೀಕರ್ ಮಾಡುವ ಹಾರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ನಾಲ್ಕು ಗೋಡೆಗಳ ಮಧ್ಯಕ್ಕೆ ನಾಲ್ಕು ಸಬ್ ಇಟ್ಟರೆ ತುಂಬಾ ಒಳ್ಳೆಯದು, ಎದುರುಬದುರು ಎರಡಿಟ್ಟರೂ ಹತ್ತಿರ ಹತ್ತಿರ ಅಷ್ಟೇ ಫಲ. ಆದರೆ ಅಂಗಡಿಗಳಲ್ಲಿ ಎರಡನ್ನೂ ಟೀವಿಯ ಅಕ್ಕಪಕ್ಕ ಜೋಡಿ ದೀಪದ ಹಾಗೆ ಇಟ್ಟು ತೋರಿಸುತ್ತಾರೆ. ನೋಡೋಕೆ ಚೆಂದ. ಉದ್ದದ ಈ ತೂಗಾಟಕ್ಕೆ ಮಾತ್ರ ಅದರಿಂದ ಉಪಯೋಗ ಇಲ್ಲ, ಎರಡೂ ಒಂದೇ ಕಡೆಯಿಂದ ತಳ್ಳಿದ ಹಾಗಾಗುತ್ತೆ.

ಇನ್ನು ವೈರಿನ ವಿಷಯ. ನನ್ನ ರಿಸೀವರ್‌ನಲ್ಲಿ, ಅಂದರೆ ಎಲ್ಲ ಸ್ಪೀಕರ್‌ಗೂ ಸದ್ದು ಹಂಚುವ ಪೆಟ್ಟಿಗೆಯಲ್ಲಿ, ಸಬ್‌ನ ಕೇಬಲ್ ಸಿಕ್ಕಿಸುವ ಸಬ್ ಔಟ್ ಇರೋದು ಒಂದೇ. ಎರಡು ಸಬ್ ಬೇಕು ಅಂದರೆ ದೊಡ್ಡ ರಿಸೀವರ್ ತಗೊಳ್ಳಿ ಅಂದರು ಒಬ್ಬರು. ಬೇಕಾಗಿಲ್ಲ. ಒಂದನ್ನು ಎರಡು ಮಾಡುವ ವೈ ಕೇಬಲ್ ಸಿಗುತ್ತೆ, ಅಷ್ಟು ಸಾಕು. ಅಲ್ಲಿ ಹೋಗೋದು ಸಣ್ಣ ಸಿಗ್ನಲ್ ಅಷ್ಟೇ, ಹಂಚಿದರೆ ಬಲ ಕಮ್ಮಿಯಾಗಲ್ಲ. ಬಾಕ್ಸ್ ಮೇಲೆ 7.2 (ಏಳು ಸ್ಪೀಕರ್, ಎರಡು ಸಬ್) ಅಂತ ಬರೆದ ಎಷ್ಟೋ ರಿಸೀವರ್‌ಗಳಲ್ಲೂ ಆ ಎರಡು ಔಟ್‌ಗಳಿಂದ ಬರೋದು ಒಂದೇ ಸಿಗ್ನಲ್. ಒಳಗಡೆಯೇ ವೈ ಕೇಬಲ್ ಹಾಕಿದ ಹಾಗೆ. ಪ್ರತಿ ಸಬ್‌ಗೂ ಬೇರೆ ದೂರ, ಬೇರೆ ಲೆವೆಲ್ ಕೊಡುವ ರಿಸೀವರ್‌ಗಳೂ ಇವೆ. ಡೆನಾನ್ ಎಕ್ಸ್3800ಎಚ್‌ನಲ್ಲಿ ಅಂಥ ಬೇರೆ ಬೇರೆ ಔಟ್ ನಾಲ್ಕಿವೆ. ಎರಡು ಸಬ್‌ಗಳು ಸೋಫಾದಿಂದ ಬೇರೆ ಬೇರೆ ದೂರದಲ್ಲಿದ್ದರೆ ಅದಕ್ಕೆ ದುಡ್ಡು ಕೊಡೋದರಲ್ಲಿ ಅರ್ಥ ಇದೆ. ನಮ್ಮ ಸೋಫಾ ಸರಿಯಾಗಿ ನಡುವೆ ಇದೆ. ಎರಡೂ ಸದ್ದು ಒಟ್ಟಿಗೇ ಬಂದು ತಲುಪುತ್ತೆ.

ಇದೆಲ್ಲ ಕರೆಂಟ್ ವೈರ್ ಇರುವ ಸಬ್‌ಗಳ ಮಾತು. ಸೆಟ್ ಜೊತೆ ಬರುವ, ಕರೆಂಟ್ ವೈರ್ ಇಲ್ಲದ ಸಬ್ ಎರಡನ್ನು ಒಂದೇ ಸ್ಪೀಕರ್ ಔಟ್‌ಗೆ ಸುತ್ತಿ ಕಟ್ಟಬೇಡಿ. 8 ಓಮ್‌ನವು ಎರಡು ಸೇರಿದರೆ ಕರೆಂಟಿಗೆ ಇರುವ ತಡೆ ಅರ್ಧಕ್ಕಿಳಿದು 4 ಓಮ್ ಆಗುತ್ತೆ. ಆಂಪ್ಲಿಫೈಯರ್ ಬಿಸಿಯಾಗಿ ಸುಟ್ಟುಹೋಗಬಹುದು.

ಹಿಂದಿನ ಸಬ್‌ಗೆ 10 ಮೀಟರ್ ಕೇಬಲ್ ಎಳೆದು ಆನ್ ಮಾಡಿದರೆ, ಸಿನಿಮಾ ಹಾಕುವ ಮೊದಲೇ ಹಂಂಂ ಅಂತ ಸದ್ದು. ರಿಸೀವರ್ ಒಂದು ಪ್ಲಗ್ಗಿಗೆ, ಹಿಂದಿನ ಸಬ್ ಇನ್ನೊಂದು ಗೋಡೆಯ ಪ್ಲಗ್ಗಿಗೆ ಹಾಕಿದ್ದೆ. ಎರಡು ಅರ್ಥಿಂಗ್ ನಡುವೆ ಸುತ್ತಿ ಬರುವ 50 ಹರ್ಟ್ಸ್ ಸದ್ದು ಅದು. ಅರ್ಥಿಂಗ್ ಪಿನ್ ಕಿತ್ತು ಹಾಕಿ, ನಿಂತುಹೋಗುತ್ತೆ ಅಂತ ಒಬ್ಬರು ಸಲಹೆ ಕೊಟ್ಟರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ನಮ್ಮ ಕಡೆ ಜೂನ್‌ನಿಂದ ಗೋಡೆ ಮುಟ್ಟಿದರೆ ಕೈ ಒದ್ದೆಯಾಗುತ್ತೆ. ಮಕ್ಕಳು ಬರಿಗಾಲಲ್ಲಿ ಓಡಾಡುವ ಮನೆ. ಸದ್ದು ನಿಲ್ಲಿಸೋಕೆ ಜೀವ ಪಣಕ್ಕಿಡೋದಾ? ನಾನು ರಿಸೀವರ್ ಇರುವ ಬೋರ್ಡಿನಿಂದಲೇ ಹಿಂದಿನ ಸಬ್‌ಗೂ ಕರೆಂಟ್ ಎಳೆದೆ. ಹಂ ನಿಂತಿತು.

ಆಮೇಲೆ ಒಂದೊಂದೇ ಸಬ್ ಆನ್ ಮಾಡಿ, ಫೋನಿನ ಡೆಸಿಬಲ್ ಆಪ್ ಹಿಡಿದು ಸೋಫಾದಲ್ಲಿ ಎರಡರ ಸದ್ದೂ ಸಮ ಬರುವಂತೆ ಗುಂಡಿ ತಿರುಗಿಸಿದೆ. ಎಲ್ಲಿಯವರೆಗಿನ ಸದ್ದು ಸಬ್‌ಗೆ ಅಂತ ಗೆರೆ ಎಳೆಯುವ ಕ್ರಾಸ್‌ಓವರ್ ಗುಂಡಿಯನ್ನು ಸಬ್‌ನಲ್ಲಿ ಪೂರ್ತಿ ಮೇಲಿಟ್ಟು, ಆ ಕೆಲಸ ರಿಸೀವರ್‌ಗೇ ಬಿಟ್ಟೆ, 80 ಹರ್ಟ್ಸ್‌ಗೆ. ಕೊನೆಗೆ ಮೈಕ್ ಇಟ್ಟು, ರಿಸೀವರ್ ತಾನೇ ಸದ್ದು ಅಳೆದು ಸರಿಮಾಡಿಕೊಳ್ಳುವ ಆಟೋ ಸೆಟಪ್. ಅದು ಮೂರು ದಿನ ಆಗಲೇ ಇಲ್ಲ. ಹೊರಗೆ ಜಡಿಮಳೆ, ಸುತ್ತ ಸದ್ದು ಜಾಸ್ತಿ ಅಂತ ರಿಸೀವರ್ ಮತ್ತೆ ಮತ್ತೆ ಹೇಳುತ್ತಿತ್ತು. ನಾಲ್ಕನೇ ದಿನ ಬೆಳಗಿನ ಜಾವ ಮಳೆ ಹೊಳವಾದಾಗ ಎದ್ದು ಮಾಡಿದೆ. ಮಲೆನಾಡಿನವರು ಈ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿಕೊಳ್ಳಿ. ಗುಡುಗು ಕೇಳಿದರೆ ಮಾತ್ರ ಮೊದಲು ಎಲ್ಲ ಪ್ಲಗ್ ಕಿತ್ತಿಡಿ.

ಅವತ್ತು ಸಂಜೆ ಡೊಳ್ಳು ಕುಣಿತದ ಒಂದು ವಿಡಿಯೋ ಹಾಕಿದೆ. ಸೋಫಾದಲ್ಲಿ ಒಂದೊಂದು ಪೆಟ್ಟೂ ಬೇರೆ ಬೇರೆಯಾಗಿ ಕೇಳಿತು, ಬಾಲ ಎಳೆಯದೆ. ಗೂಡಿನ ದೀಪ ಅಲುಗಲಿಲ್ಲ. ಹಿಂದೆ ತಿರುಗಿ ನೋಡಿದೆ. ಹೊಸ ಸಬ್ ಇದ್ದದ್ದು ಅಪ್ಪಯ್ಯನ ಕುರ್ಚಿಯಿಂದ ಬರೀ ಮೂರಡಿ ದೂರದಲ್ಲಿ. ಅವರು ಕವಳ ಹಾಕುತ್ತಾ, ಕಾಲಲ್ಲೇ ತಾಳ ಹಾಕುತ್ತಿದ್ದರು. "ಹಿಂದಿಂದು ಹಾಕಿಯಾಯ್ತಾ?" ಅಂದರು. ಅದು ಆನ್ ಆಗಿ ಅರ್ಧ ಗಂಟೆ ಆಗಿತ್ತು.