ಹುಳಿ ಇದ್ದ ಮಾತ್ರಕ್ಕೆ ಚಹಾ ಕೆಟ್ಟಿಲ್ಲ

ಚೀನಾದ ಚಹಾದಲ್ಲಿ ಹುಳಿ ಕಂಡರೆ ಅದು ಕೆಟ್ಟಿದೆಯೆಂದೇ ತಿಳಿಯಬೇಕು ಎಂದು ಲೇಖನವೊಂದರಲ್ಲಿ ಓದಿದ ಮಾತನ್ನು ನಾನು ಒಪ್ಪಲಾರೆ. ಯುನ್ನಾನ್ ಪ್ರಾಂತ್ಯದಲ್ಲಿ ದೊಡ್ಡ ಎಲೆಯ ತಳಿಯಿಂದ ಮಾಡುವ ಕೆಂಪು ಚಹಾವನ್ನು (ನಾವು ಕಪ್ಪು ಚಹಾ ಎನ್ನುವುದನ್ನೇ ಚೀನೀಯರು ಕೆಂಪು ಎನ್ನುತ್ತಾರೆ) ಕೆಲವರು ಬಿಸಿಗಾಳಿಯ ಯಂತ್ರಕ್ಕೆ ಹಾಕದೆ ಬಿಸಿಲಿನಲ್ಲೇ ಒಣಗಿಸುತ್ತಾರೆ. ಅದರಲ್ಲಿ ಒಣ ಏಪ್ರಿಕಾಟ್ ಹಣ್ಣನ್ನು ನೆನಪಿಸುವ ತೆಳುವಾದ ಹುಳಿ ಸಹಜವಾಗಿಯೇ ಇರುತ್ತದೆ. ಸಿಟ್ರಿಕ್, ಮ್ಯಾಲಿಕ್, ಕ್ವಿನಿಕ್ ಮೊದಲಾದ ಆಮ್ಲಗಳು ಹಸಿರೆಲೆಯಲ್ಲೇ ಇರುವಂಥವು, ಯಾರೂ ಹೊರಗಿನಿಂದ ಬೆರೆಸುವುದಿಲ್ಲ.

ಮುಚ್ಚಳದ ಪುಟ್ಟ ಪಿಂಗಾಣಿ ಬಟ್ಟಲಿಗೆ 5 ಗ್ರಾಂ ಎಲೆ ಹಾಕಿ, ಕುದಿ ಇಳಿದ ನೀರೆರೆದು, ಹತ್ತು ಹದಿನೈದು ಸೆಕೆಂಡಿನಲ್ಲೇ ಬಸಿದುಕೊಂಡು ನಾನು ಇದನ್ನು ಕುಡಿಯುತ್ತೇನೆ. ಮೊದಲು ಜೇನಿನ ಸವಿ, ನುಂಗುವಾಗ ನಾಲಿಗೆಯ ಅಂಚಿನಲ್ಲಿ ಹುಳಿ, ಆಮೇಲೆ ಬಾಯಲ್ಲಿ ನೀರೂರಿ, ಬೆಟ್ಟದ ನೆಲ್ಲಿಕಾಯಿ ತಿಂದು ನೀರು ಕುಡಿದಾಗಿನಂಥದೇ ಸಿಹಿ. ಇದನ್ನು ಚೀನೀಯರು ‘ಹುಯ್‌ಗಾನ್’, ಅಂದರೆ ಮರಳಿ ಬರುವ ಸಿಹಿ, ಎನ್ನುತ್ತಾರೆ.

ದೋಷದ ಹುಳಿಯೂ ಇದೆ, ನಿಜ. ಚಹಾ ತಯಾರಿಸುವಾಗ ಹೊಸಕಿದ ಎಲೆ ಒದ್ದೆ ರಾಶಿಯಲ್ಲಿ ಹೆಚ್ಚು ಹೊತ್ತು ಉಳಿದರೆ ಹಳಸಿದ ಗಂಜಿಯ ವಾಸನೆ ಬರುತ್ತದೆ, ಆ ಹುಳಿ ಸಿಹಿಗೆ ತಿರುಗದೆ ಗಂಟಲಲ್ಲೇ ಕೂರುತ್ತದೆ. ಬಟ್ಟಲಿನ ಮುಚ್ಚಳ ಆರಿದ ಮೇಲೆ ಒಮ್ಮೆ ಮೂಸಿ ನೋಡಿದರೆ ಈ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ.