ತಲೆಗೆ ಪೆಟ್ಟು ಬಿದ್ದವರು ಮಾತಾಡ್ತಿದ್ದಾರೆ ಅಂತ ಸುಮ್ನೆ ಬಿಡಬೇಡಿ

ತಲೆಗೆ ಪೆಟ್ಟು ಬಿದ್ದವರು ಎದ್ದು ಕೂತು ಮಾತಾಡಿದರೆ ಸಾಕು, ಸುತ್ತ ಇದ್ದವರಿಗೆ ಹೋದ ಜೀವ ಬಂದಂತಾಗುತ್ತದೆ. "ಏನೂ ಆಗಿಲ್ಲ ಬಿಡಿ, ಸ್ವಲ್ಪ ಮಲಗಲಿ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಈ ಮಾತು ಕೇಳಿದಾಗೆಲ್ಲ ನನಗೆ ಹೆದರಿಕೆ ಆಗುತ್ತದೆ.

2009ರ ಮಾರ್ಚ್‌ನಲ್ಲಿ ನಟಿ ನತಾಶಾ ರಿಚರ್ಡ್‌ಸನ್ ಕೆನಡಾದಲ್ಲಿ ಸ್ಕೀಯಿಂಗ್ ಪಾಠದ ವೇಳೆ ಬಿದ್ದರು. ಎದ್ದು ಮಾತಾಡಿದರು. ಡಾಕ್ಟರ್ ಬೇಡ ಅಂದರು. ಆಮೇಲೆ ತಲೆನೋವು ಶುರುವಾಯಿತು. ಎರಡೇ ದಿನಕ್ಕೆ ತೀರಿಕೊಂಡರು, ವಯಸ್ಸು ಬರೀ 45. ಬುರುಡೆಗೂ ಮೆದುಳಿನ ಹೊರಪೊರೆಗೂ ನಡುವೆ ರಕ್ತ ತುಂಬಿಕೊಂಡಿತ್ತು. ಇದಕ್ಕೆ ಎಪಿಡ್ಯೂರಲ್ ಹೆಮಟೋಮಾ ಅನ್ನುತ್ತಾರೆ.

ಬುರುಡೆ ಹಿಗ್ಗುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಒಳಗೆ ಮೆದುಳು, ರಕ್ತ, ನೀರಿನಂಥ ದ್ರವ, ಇಷ್ಟಕ್ಕೇ ಜಾಗ. ರಕ್ತನಾಳ ಒಡೆದು ರಕ್ತ ಸೇರತೊಡಗಿದರೆ ಮೊದಲು ಆ ದ್ರವ ಪಕ್ಕಕ್ಕೆ ಸರಿಯುತ್ತದೆ, ಸಿರೆಗಳಲ್ಲಿನ ರಕ್ತವೂ ಒಂದಿಷ್ಟು ಹೊರಹೋಗುತ್ತದೆ. ಅಲ್ಲಿಯವರೆಗೆ ಮನುಷ್ಯ ಮಾತಾಡುತ್ತಾನೆ, ಓಡಾಡುತ್ತಾನೆ, ಫೋನ್ ನೋಡುತ್ತಾನೆ. ಸರಿಯಲು ಇನ್ನು ಜಾಗವೇ ಇಲ್ಲ ಅಂದಾಗ ಒತ್ತಡ ದಿಢೀರಂತ ಏರುತ್ತದೆ. ದೇಹದ ತೂಕದಲ್ಲಿ ಸುಮಾರು 2 ಶೇಕಡ ಇರುವ ಮೆದುಳಿಗೆ ಒಟ್ಟು ಆಮ್ಲಜನಕದ 20 ಶೇಕಡದಷ್ಟು ಬೇಕು. ಒತ್ತಡ ಏರಿದ ಮೇಲೆ ಅದಕ್ಕೆ ರಕ್ತವೇ ಸರಿಯಾಗಿ ಹೋಗುವುದಿಲ್ಲ. ಮೆದುಳು ಕೆಳಕ್ಕೆ ಜರುಗಿ ಉಸಿರಾಟ ನಡೆಸುವ ಮೆದುಳಕಾಂಡವನ್ನೇ ಒತ್ತುತ್ತದೆ. ವೆಂಟಿಲೇಟರ್ ಬೇಕಾಗುವುದು ಆಗ.

ವಯಸ್ಸಾದವರಲ್ಲಿ ಇದು ಇನ್ನೂ ಮೋಸದ್ದು. ಸಣ್ಣಗೆ ಜಾರಿ ಬಿದ್ದಿರುತ್ತಾರೆ, ಎಲ್ಲರೂ ಮರೆತೂ ಬಿಟ್ಟಿರುತ್ತಾರೆ. ವಾರಗಳಾದ ಮೇಲೆ ಮಂಪರು, ಮರೆವು, ನಡಿಗೆಯಲ್ಲಿ ತಡವರಿಕೆ. ವಯಸ್ಸಾಯಿತಲ್ಲ ಅಂದುಕೊಳ್ಳುತ್ತಾರೆ. ಒಳಗೆ ರಕ್ತ ನಿಧಾನವಾಗಿ ಸೇರುತ್ತಲೇ ಇರುತ್ತದೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗಂತೂ ಅಪಾಯ ಜಾಸ್ತಿ. ಸಣ್ಣ ಪೆಟ್ಟಾದರೂ ಡಾಕ್ಟರಿಗೆ ಆ ಮಾತ್ರೆಯ ಹೆಸರು ಹೇಳಲೇಬೇಕು.

ಪೆಟ್ಟೇ ಬೀಳದೆಯೂ ರಕ್ತಸ್ರಾವ ಆಗುತ್ತದೆ. ಬಿಪಿ ವರ್ಷಗಟ್ಟಲೆ ಏರಿಯೇ ಇದ್ದರೆ ಮೆದುಳಿನ ಆಳದ ಸಣ್ಣ ನಾಳಗಳು ಒಂದು ದಿನ ಒಡೆಯಬಹುದು. ಇನ್ನು ಕೆಲವರಲ್ಲಿ ರಕ್ತನಾಳ ಒಂದು ಕಡೆ ಉಬ್ಬಿಕೊಂಡಿರುತ್ತದೆ, ಅದು ಒಡೆದಾಗ ಜೀವಮಾನದಲ್ಲೇ ಕಂಡಿರದಂಥ ತಲೆನೋವು ಒಮ್ಮೆಲೇ ಬರುತ್ತದೆ. ಅಂಥ ತಲೆನೋವಿಗೆ ಮಾತ್ರೆ ನುಂಗಿ ಕಾಯುವುದಲ್ಲ, ತಕ್ಷಣ ಸಿಟಿ ಸ್ಕ್ಯಾನ್ ಆಗಬೇಕು.

ಐಸಿಯುನಲ್ಲಿ ಏನು ಮಾಡುತ್ತಾರೆ ಅಂತ ಹೊರಗೆ ಕೂತವರಿಗೆ ಗೊತ್ತಾಗುವುದಿಲ್ಲ. ಏಟು ಬಿದ್ದ ಕ್ಷಣದಲ್ಲಿ ಸತ್ತ ಜೀವಕೋಶಗಳನ್ನು ಯಾರೂ ವಾಪಸ್ ತರಲಾರರು. ಅಲ್ಲಿ ನಡೆಯುವ ಹೋರಾಟವೆಲ್ಲ ಆಮೇಲಿನ ಹಾನಿ ತಡೆಯೋಕೆ. ಬಿಪಿ ಕುಸಿಯಬಾರದು, ಆಮ್ಲಜನಕ ಇಳಿಯಬಾರದು. ತಲೆಯ ಕಡೆ ಹಾಸಿಗೆ 30 ಡಿಗ್ರಿ ಎತ್ತಿರುತ್ತಾರೆ. ನರ್ಸ್ ಗಂಟೆಗೊಮ್ಮೆ ಬಂದು ರೆಪ್ಪೆ ಎತ್ತಿ ಟಾರ್ಚ್ ಬಿಡುತ್ತಾರೆ. ಎರಡೂ ಪಾಪೆ ಒಂದೇ ಸಮ ಕುಗ್ಗುತ್ತವಾ ನೋಡುತ್ತಾರೆ. ಹೆಸರು ಹಿಡಿದು ಕೂಗುತ್ತಾರೆ, ಉಗುರಿನ ಬುಡ ಒತ್ತುತ್ತಾರೆ. ಕೈ ಎಳೆದುಕೊಂಡರಾ, ಸುಮ್ನೆ ಮಡಚಿದರಾ ಅಂತ ಬರೆದುಕೊಳ್ಳುತ್ತಾರೆ. ಹೀಗೆ ಕೂಗಿದಾಗ, ಒತ್ತಿದಾಗ ಸಿಗುವ ಪ್ರತಿಕ್ರಿಯೆಗೆ ಅಂಕ ಕೊಡುವ ಅಳತೆಯನ್ನು 1974ರಲ್ಲಿ ಸ್ಕಾಟ್ಲೆಂಡ್‌ನ ಗ್ಲಾಸ್ಗೋದ ಇಬ್ಬರು ವೈದ್ಯರು ರೂಪಿಸಿದರು. 15 ಅಂದರೆ ಪೂರ್ತಿ ಎಚ್ಚರ, 3 ಅಂದರೆ ಏನೂ ಪ್ರತಿಕ್ರಿಯೆ ಇಲ್ಲ. 8 ಅಥವಾ ಅದಕ್ಕಿಂತ ಕಡಿಮೆ ಅಂದರೆ ಗಂಭೀರ. ಒಂದು ಪಾಪೆ ದೊಡ್ಡದಾಗಿದ್ದನ್ನು ಸರಿಯಾದ ಹೊತ್ತಿಗೆ ಗಮನಿಸಿದ ನರ್ಸ್‌ನಿಂದ ಜೀವ ಉಳಿಯಬಹುದು. ಆ ಕೆಲಸದ ಬಗ್ಗೆ ನನಗೆ ಅಪಾರ ಗೌರವ.

ಹಾಗೇ ಮೊದಲ ದಿನದ ಸ್ಥಿತಿ ನೋಡಿ "ಇನ್ನೇನೂ ಉಳಿದಿಲ್ಲ" ಅನ್ನುವುದೂ ಬೇಡ. ಕಣ್ಣು ಬಿಡದಿರುವುದಕ್ಕೆ ನಿದ್ದೆಯ ಔಷಧಿಯೂ ಕಾರಣ ಇರಬಹುದು. ಪೆಟ್ಟಿಲ್ಲದೆ ಆಗುವ ಮೆದುಳಿನ ರಕ್ತಸ್ರಾವದ ಬಗ್ಗೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ 2022ರ ಮಾರ್ಗಸೂಚಿ ಕೂಡ, ಚಿಕಿತ್ಸೆ ಮಿತಿಗೊಳಿಸಿ ಅಂತ ಮೊದಲೇ ಹೇಳಿರದ ರೋಗಿಗಳ ವಿಷಯದಲ್ಲಿ ಅಂಥ ತೀರ್ಮಾನವನ್ನು ಆಸ್ಪತ್ರೆ ಸೇರಿದ ಎರಡನೇ ಪೂರ್ತಿ ದಿನದವರೆಗಾದರೂ ಮುಂದೂಡಿ ಅನ್ನುತ್ತದೆ. ಬೇಗ ಕೈಬಿಟ್ಟರೆ, ಉಳಿಯಬಹುದಾದವರೂ ಉಳಿಯುವುದಿಲ್ಲ. ಹಾಗಾಗಿ ಡಾಕ್ಟರ್ ಹೊರಗೆ ಬಂದಾಗ "ಬದುಕ್ತಾರಾ?" ಅಂತ ಮಾತ್ರ ಕೇಳಬೇಡಿ. ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ, ಪಾಪೆ ಹೇಗಿದೆ, ನಿದ್ದೆಯ ಔಷಧಿ ಯಾವಾಗ ಕಡಿಮೆ ಮಾಡುತ್ತೀರಿ ಅಂತಲೂ ಕೇಳಿ. ಇದನ್ನೆಲ್ಲ ಕೇಳುವ ಹಕ್ಕು ಮನೆಯವರಿಗೆ ಇದೆ.